ಸುಂದರವಾದ ಕೋಣೆಯೊಂದು ಏನು ಕಲಿಸುತ್ತದೆ?



ನೀವು ಓದಲು ಕುಳಿತುಕೊಳ್ಳುವ ಜಾಗ ಯಾವುದು? ನಿಮ್ಮದೇ ಸ್ವಂತ ಕೋಣೆ ಇರಬಹುದು. ಹಾಸ್ಟೆಲಿನಲ್ಲಿ ಮೂವರು ಹಂಚಿಕೊಂಡ ಕೋಣೆ ಇರಬಹುದು. ಪಡಸಾಲೆಯ ಒಂದು ಮೂಲೆಯೂ ಆಗಿರಬಹುದು. ಎಲ್ಲೇ ಇರಲಿ, ವಿದ್ಯಾರ್ಥಿ ಜೀವನದ ಸಾವಿರಾರು ಗಂಟೆಗಳು ಕಳೆಯುವುದು ಅಲ್ಲಿಯೇ. ಅಲ್ಲಿನ ಗೋಡೆಯ ಬಣ್ಣ, ಬೆಳಕು ಬರುವ ದಿಕ್ಕು, ಕಣ್ಣೆದುರಿಗಿರುವ ವಸ್ತುಗಳು ಸದ್ದಿಲ್ಲದೆ ನಿಮ್ಮ ಮನಸ್ಸಿನ ಮೇಲೆ ಪರಿಣಾಮ ಬೀರುತ್ತಿರುತ್ತವೆ. ಆದರೂ ಆ ಜಾಗವನ್ನು ಚೆಲುವಾಗಿ ಇಟ್ಟುಕೊಳ್ಳುವ ಮಾತು ಬಂದಾಗ ಎರಡು ಉತ್ತರಗಳು ಕೇಳಿಬರುತ್ತವೆ. ‘ಅದೆಲ್ಲ ದುಡ್ಡಿದ್ದವರಿಗೆ’ ಎಂಬುದು ಒಂದು. ‘ಅದೆಲ್ಲ ಹೆಣ್ಣುಮಕ್ಕಳ ಕೆಲಸ’ ಎಂಬುದು ಇನ್ನೊಂದು. ಈ ಎರಡೂ ಮಾತುಗಳು ಸರಿಯಲ್ಲ ಎಂಬುದನ್ನು ನಮ್ಮ ನಾಡಿನದೇ ನಾಲ್ಕು ಒಳಾಂಗಣಗಳ ಉದಾಹರಣೆಯಿಂದ ಇಂದು ವಿವರಿಸಬಯಸುತ್ತೇನೆ.

ಮೊದಲು ಒಂದು ವ್ಯತ್ಯಾಸವನ್ನು ತಿಳಿದುಕೊಳ್ಳೋಣ. ಅಲಂಕಾರವೆಂದರೆ ಇರುವುದಕ್ಕೆ ಚೆಂದವನ್ನು ಸೇರಿಸುವುದು. ಒಳಾಂಗಣ ವಿನ್ಯಾಸವೆಂದರೆ ಕೋಣೆಯಲ್ಲಿ ಮನುಷ್ಯ ಎಲ್ಲಿ ಕೂರಬೇಕು, ಹೇಗೆ ಓಡಾಡಬೇಕು, ಬೆಳಕು ಮತ್ತು ಗಾಳಿ ಎಲ್ಲಿಂದ ಬರಬೇಕು, ಯಾವ ವಸ್ತು ಎಲ್ಲಿರಬೇಕು ಎಂದು ಮೊದಲೇ ಯೋಚಿಸುವುದು. ಒಳ್ಳೆಯ ಕೋಣೆಯಲ್ಲಿ ಇವೆರಡೂ ಬೆರೆತಿರುತ್ತವೆ. ಆದ್ದರಿಂದ ಯಾವುದೇ ಸುಂದರವಾದ ಕೋಣೆಯನ್ನು ನೋಡಲು ಹೋದಾಗ ‘ಆಹಾ’ ಎಂದು ಹೊರಗೆ ಬಂದುಬಿಡಬೇಡಿ. ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಬೆಳಕು ಎಲ್ಲಿಂದ ಬರುತ್ತಿದೆ? ಒಳಗೆ ಕಾಲಿಟ್ಟೊಡನೆ ಕಣ್ಣು ಎಲ್ಲಿ ಹೋಗಿ ನಿಲ್ಲುತ್ತದೆ? ಇದನ್ನೆಲ್ಲ ಏತರಿಂದ ಮಾಡಿದ್ದಾರೆ? ಈ ಮೂರು ಪ್ರಶ್ನೆಗಳನ್ನು ಜೊತೆಯಲ್ಲಿಟ್ಟುಕೊಂಡೇ ನಾವೀಗ ಹೊರಡೋಣ.

ಮೊದಲನೆಯ ಕೋಣೆ ಬೀದರಿನ ಕೋಟೆಯಲ್ಲಿದೆ. ಅದರ ಹೆಸರು ರಂಗೀನ್ ಮಹಲ್, ಅಂದರೆ ಬಣ್ಣದ ಅರಮನೆ. ಒಂದು ಕಾಲಕ್ಕೆ ಅಲ್ಲಿದ್ದ ಬಣ್ಣಬಣ್ಣದ ಹೆಂಚಿನ ಬಿಲ್ಲೆಗಳಿಂದ ಆ ಹೆಸರು ಬಂದಿತು. ಇಂದು ನಾವು ಕಾಣುವ ರೂಪಕ್ಕೆ ಅದನ್ನು ತಂದವನು ಹದಿನಾರನೆಯ ಶತಮಾನದಲ್ಲಿ ಆಳಿದ ಬರೀದ್ ಶಾಹಿ ಅರಸ ಅಲೀ ಬರೀದ್. ಇದು ಬಹಳ ದೊಡ್ಡ ಅರಮನೆಯೇನಲ್ಲ. ಮರದ ಕಂಬಗಳು ಮತ್ತು ಬೋದಿಗೆಗಳ ಮೇಲೆ ಸೂಕ್ಷ್ಮವಾದ ಕೆತ್ತನೆಯಿದೆ. ಒಳಗಿನ ಕೋಣೆಯ ಬಾಗಿಲ ಬಳಿ ಕರಿಯ ಕಲ್ಲನ್ನು ಕೊರೆದು, ಅದರಲ್ಲಿ ಮುತ್ತಿನ ಚಿಪ್ಪಿನ ತುಣುಕುಗಳನ್ನು ಕೂರಿಸಿದ್ದಾರೆ. ಬಳ್ಳಿಗಳು, ಹೂಗಳು, ಪಾರಸಿ ಭಾಷೆಯ ಸಾಲುಗಳು ಆ ಕರಿಯ ಕಲ್ಲಿನ ಮೇಲೆ ತಣ್ಣಗೆ ಹೊಳೆಯುತ್ತವೆ.

ಇಲ್ಲಿ ಕಣ್ಣು ಏಕೆ ನಿಲ್ಲುತ್ತದೆ ಎಂದು ಯೋಚಿಸಿ. ಚಿಪ್ಪಿನ ಹೊಳಪು ಸ್ವಲ್ಪವೇ ಇದೆ. ಕರಿಯ ಕಲ್ಲು ಬಹಳವಿದೆ. ಗೋಡೆಯೆಲ್ಲ ಚಿಪ್ಪಿನಿಂದಲೇ ತುಂಬಿದ್ದರೆ ಆ ಹೊಳಪು ನಮಗೆ ಹೊಳಪಾಗಿ ಕಾಣುತ್ತಿರಲಿಲ್ಲ. ಇದೇ ತತ್ತ್ವವನ್ನು ಬೀದರಿನ ಇನ್ನೊಂದು ಕಲೆಯಲ್ಲೂ ಕಾಣಬಹುದು. ಬಿದರಿ ಕಲೆಯ ಹೆಸರನ್ನು ನೀವೆಲ್ಲ ಕೇಳಿದ್ದೀರಿ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು ಹೂಜಿ, ತಟ್ಟೆ, ಡಬ್ಬಿಗಳನ್ನು ಮಾಡುತ್ತಾರೆ. ಅದರ ಮೇಲೆ ಕೈಯಿಂದಲೇ ಚಿತ್ರ ಬರೆದು, ಉಳಿಯಿಂದ ಕೊರೆದು, ಆ ಕೊರೆದ ಜಾಗಕ್ಕೆ ಬೆಳ್ಳಿಯ ತಂತಿಯನ್ನೋ ತಗಡನ್ನೋ ಕೂರಿಸಿ ತಟ್ಟುತ್ತಾರೆ. ಕೊನೆಯಲ್ಲಿ ಕೋಟೆಯ ಮಣ್ಣಿಗೆ ನವಸಾಗರ ಸೇರಿಸಿ, ಬಿಸಿ ಮಾಡಿದ ಪಾತ್ರೆಗೆ ಅದನ್ನು ಉಜ್ಜುತ್ತಾರೆ. ಆಗ ಮಿಶ್ರಲೋಹ ಅಚ್ಚ ಕಪ್ಪಾಗುತ್ತದೆ. ಬೆಳ್ಳಿಗೆ ಮಾತ್ರ ಏನೂ ಆಗುವುದಿಲ್ಲ. ಮತ್ತೆ ಅದೇ ಮಾತು: ಬಹಳಷ್ಟು ಕಪ್ಪು, ಸ್ವಲ್ಪವೇ ಬೆಳಕು. ಈ ಕಲೆಗಾಗಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದುದನ್ನು ನೀವು ಪತ್ರಿಕೆಗಳಲ್ಲಿ ಓದಿರಬಹುದು.

ಇದರಿಂದ ನಮಗೆ ಸಿಗುವ ಮೊದಲನೆಯ ಪಾಠ ಇಷ್ಟು: ಒಂದು ವಸ್ತು ಎದ್ದು ಕಾಣಬೇಕಾದರೆ ಅದರ ಸುತ್ತ ಸುಮ್ಮನಿರುವ ಜಾಗ ಬೇಕು. ನಿಮ್ಮ ಕೋಣೆಯ ಗೋಡೆಯ ಮೇಲೆ ಹದಿನೈದು ಚಿತ್ರಗಳು, ಮೂರು ಕ್ಯಾಲೆಂಡರುಗಳು, ಎರಡು ಗಡಿಯಾರಗಳು ಇದ್ದರೆ ಅವುಗಳಲ್ಲಿ ಒಂದನ್ನೂ ನೀವು ನೋಡುತ್ತಿಲ್ಲ ಎಂದೇ ಅರ್ಥ. ಎಲ್ಲವನ್ನೂ ತೆಗೆದು, ನಿಮಗೆ ಬಹಳ ಇಷ್ಟವಾದ ಒಂದನ್ನು ಮಾತ್ರ ಮತ್ತೆ ತೂಗುಹಾಕಿ ನೋಡಿ. ಖರ್ಚು ಒಂದು ರೂಪಾಯಿಯೂ ಇಲ್ಲ.

ಎರಡನೆಯ ಉದಾಹರಣೆ ಇದಕ್ಕೆ ತೀರ ವಿರುದ್ಧವಾದುದು. ಅದು ಶ್ರೀರಂಗಪಟ್ಟಣದ ದರಿಯಾ ದೌಲತ್. ಟಿಪ್ಪು ಸುಲ್ತಾನನ ಈ ಬೇಸಿಗೆ ಅರಮನೆ 1784ರಲ್ಲಿ ಕಟ್ಟಿದ್ದು. ತೋಟದ ನಡುವೆ, ಎತ್ತರವಾದ ಜಗತಿಯ ಮೇಲೆ ನಿಂತಿದೆ. ಕಟ್ಟಡದ ಬಹುಭಾಗ ತೇಗದ ಮರ. ಸುತ್ತಲೂ ಮರದ ಕಂಬಗಳ ಮೊಗಸಾಲೆ. ಇಲ್ಲಿ ಒಂದು ಅಂಗುಲವೂ ಖಾಲಿ ಇಲ್ಲವೇನೋ ಎನ್ನುವಂತೆ ಗೋಡೆ, ಕಂಬ, ಕಮಾನು, ಚಾವಣಿಗಳ ಮೇಲೆಲ್ಲ ಬಣ್ಣದ ಕೆಲಸವಿದೆ. ಹೊರಗೋಡೆಯ ಮೇಲೆ ಹೈದರ್ ಮತ್ತು ಟಿಪ್ಪುವಿನ ಮೆರವಣಿಗೆಯ ಚಿತ್ರಗಳಿವೆ. 1780ರಲ್ಲಿ ಕರ್ನಲ್ ಬೈಲಿಯ ಸೈನ್ಯವನ್ನು ಸೋಲಿಸಿದ ಪೊಳ್ಳಿಲೂರು ಯುದ್ಧದ ದೊಡ್ಡ ಚಿತ್ರವಿದೆ. ಒಳಗೆ ಹೋದಂತೆ ಯುದ್ಧದ ಗದ್ದಲ ನಿಂತು, ಹೂಬಳ್ಳಿಗಳ ವಿನ್ಯಾಸ ಮೊದಲಾಗುತ್ತದೆ.

ಹಾಗಾದರೆ ಬೀದರಿನಲ್ಲಿ ಕಲಿತ ಪಾಠ ಇಲ್ಲಿ ಸುಳ್ಳಾಯಿತೇ? ಇಷ್ಟೊಂದು ತುಂಬಿದ್ದರೂ ಇಲ್ಲಿ ಕಣ್ಣಿಗೆ ಆಯಾಸವಾಗುವುದಿಲ್ಲವಲ್ಲ, ಏಕೆ? ಎರಡು ಕಾರಣಗಳಿವೆ. ಒಂದು, ಇಲ್ಲಿ ಚಿತ್ರಗಳು ಚೆಲ್ಲಾಪಿಲ್ಲಿಯಾಗಿಲ್ಲ. ಪ್ರತಿಯೊಂದಕ್ಕೂ ಅಂಚು ಇದೆ, ಚೌಕಟ್ಟು ಇದೆ, ಸಾಲು ಇದೆ. ಇಳಕಲ್ ಸೀರೆಯ ಅಂಚು ಮತ್ತು ಸೆರಗು ಹೇಗೆ ಒಡಲನ್ನು ಹಿಡಿದಿಡುತ್ತವೆಯೋ ಹಾಗೆಯೇ ಇಲ್ಲಿನ ಪಟ್ಟಿಗಳು ಚಿತ್ರಗಳನ್ನು ಹಿಡಿದಿಟ್ಟಿವೆ. ಎರಡನೆಯ ಕಾರಣ ಬೆಳಕು. ಅಗಲವಾದ ಮೊಗಸಾಲೆಯನ್ನು ದಾಟಿ ಬರುವ ಬಿಸಿಲು ಗೋಡೆಯನ್ನು ತಲುಪುವಾಗ ಮೆತ್ತಗಾಗಿರುತ್ತದೆ. ನಮ್ಮಲ್ಲಿ ಬಿಸಿಲಿಗೆ ಕೊರತೆಯಿಲ್ಲ. ಅದನ್ನು ಸೋಸಿ ಒಳಗೆ ಬಿಡುವುದೇ ನಮ್ಮ ಹಳೆಯ ಕಟ್ಟಡಗಳ ಜಾಣತನ. ತೊಟ್ಟಿಮನೆಯ ಅಂಗಳ, ಜಗಲಿಯ ಇಳಿಜಾರು ಮಾಡು, ಕಿಟಕಿಯ ಮರದ ಜಾಲಂದ್ರ ಇವೆಲ್ಲ ಮಾಡುವ ಕೆಲಸ ಅದೇ.

ದರಿಯಾ ದೌಲತ್‌ನ ಚಿತ್ರಗಳು ಒಮ್ಮೆ ಹಾಳಾಗಿ, ಹತ್ತೊಂಬತ್ತನೆಯ ಶತಮಾನದಲ್ಲಿ ಅವುಗಳನ್ನು ಮತ್ತೆ ಬರೆಯಿಸಬೇಕಾಯಿತು ಎಂಬುದನ್ನೂ ನೆನಪಿಡಿ. ಅಲ್ಲಿಗೆ ಹೋದಾಗ ಕಟ್ಟಡದ ಸುತ್ತ ಇಳಿಬಿಟ್ಟ ಪರದೆಗಳನ್ನು ಕಂಡು ‘ಇದೇಕೆ ಹೀಗೆ ಮುಚ್ಚಿದ್ದಾರೆ’ ಎಂದು ಬೇಸರಪಡುವವರಿದ್ದಾರೆ. ಬಿಸಿಲು ಬಣ್ಣವನ್ನು ತಿನ್ನುತ್ತದೆ. ಆ ಪರದೆಗಳು ಚಿತ್ರಗಳನ್ನು ಕಾಯುತ್ತಿವೆ. ನಿಮ್ಮ ಮನೆಯಲ್ಲಿಯೂ ಅಜ್ಜ ಅಜ್ಜಿಯರ ಫೋಟೋ ನೇರ ಬಿಸಿಲು ಬೀಳುವ ಗೋಡೆಯ ಮೇಲಿದ್ದರೆ ಇಂದೇ ಜಾಗ ಬದಲಾಯಿಸಿ.

ಈಗ ಮೈಸೂರಿಗೆ ಬರೋಣ. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ ಮೈಸೂರಿನ ಹಳೆಯ ಮರದ ಅರಮನೆಗೆ ಬೆಂಕಿ ಬಿದ್ದಿತು. ಆಮೇಲೆ ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಯ ಯೋಜನೆಯಂತೆ ಹೊಸ ಅರಮನೆ ಎದ್ದು 1912ರಲ್ಲಿ ಪೂರ್ಣವಾಯಿತು. ಬೆಂಕಿಯ ನೆನಪು ಇನ್ನೂ ಹಸಿಯಾಗಿದ್ದುದರಿಂದ ಮರದ ಬದಲು ಕಲ್ಲು, ಇಟ್ಟಿಗೆ, ಕಬ್ಬಿಣಗಳಿಗೆ ಪ್ರಾಶಸ್ತ್ಯ ಸಿಕ್ಕಿತು. ಅರಮನೆಯ ಕಲ್ಯಾಣ ಮಂಟಪವನ್ನು ನೀವು ನೋಡಿರಬಹುದು. ಎಂಟು ಮೂಲೆಯ ವಿಶಾಲವಾದ ಸಭಾಂಗಣ. ಮೇಲೆ ಬಣ್ಣದ ಗಾಜಿನ ಚಾವಣಿ. ಅದನ್ನು ಹೊತ್ತ ಎರಕದ ಕಬ್ಬಿಣದ ಕಂಬಗಳು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ತಯಾರಾಗಿ ಹಡಗಿನಲ್ಲಿ ಬಂದವು. ಗೋಡೆಗಳ ಮೇಲೆ ಮೈಸೂರಿನ ಕಲಾವಿದರು ಬರೆದ ದಸರಾ ಮೆರವಣಿಗೆಯ ಚಿತ್ರಗಳಿವೆ.

ಅಷ್ಟು ದೂರದ ಕಬ್ಬಿಣ, ಗಾಜು, ಪಾಶ್ಚಾತ್ಯ ರೀತಿಯ ಕಂಬ. ಇಷ್ಟಿದ್ದರೂ ಇದು ಪರದೇಶದ ಕೋಣೆ ಎನಿಸುವುದಿಲ್ಲ. ಕಾರಣ ನವಿಲು. ಚಾವಣಿಯ ಗಾಜಿನಲ್ಲಿ ನವಿಲು, ಕೆಳಗೆ ನೆಲದ ಬಿಲ್ಲೆಗಳಲ್ಲಿ ಅದೇ ನವಿಲಿನ ವಿನ್ಯಾಸ. ನಮ್ಮ ಕಣ್ಣಿಗೆ, ನಮ್ಮ ಮದುವೆಯ ಸಡಗರಕ್ಕೆ ಪರಿಚಿತವಾದ ಒಂದೇ ಆಕೃತಿ ಮೇಲಿನಿಂದ ಕೆಳಗಿನವರೆಗೆ ಆ ದೊಡ್ಡ ಸಭಾಂಗಣವನ್ನು ಒಂದು ಮಾಡಿದೆ. ಎರವಲು ತರುವುದು ತಪ್ಪಲ್ಲ. ತಂದುದನ್ನು ನಮ್ಮದಾಗಿಸಿಕೊಳ್ಳುವ ಒಂದು ಎಳೆ ಇರಬೇಕು. ಇದು ಮೂರನೆಯ ಪಾಠ.

ಆದರೆ ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ಅರಮನೆಯನ್ನು ನೋಡಿ ಬಂದವರು ಕೆಲವೊಮ್ಮೆ ಹತ್ತಡಿ ಉದ್ದ, ಹತ್ತಡಿ ಅಗಲದ ಕೋಣೆಯಲ್ಲಿ ದಪ್ಪ ಕಂಬಗಳನ್ನೂ ಚಾವಣಿಯ ತುಂಬ ಪ್ಲಾಸ್ಟರಿನ ಬಳ್ಳಿಗಳನ್ನೂ ತಂದಿಡುತ್ತಾರೆ. ಅರಮನೆಯ ಕಂಬಕ್ಕೆ ಅರಮನೆಯ ಎತ್ತರವಿತ್ತು. ನಿಮ್ಮ ಕೋಣೆಯ ಚಾವಣಿ ಹತ್ತಡಿ ಇದ್ದರೆ ಹೆಚ್ಚು. ಅಲ್ಲಿಂದ ಕಂಬವನ್ನು ತರಬೇಡಿ, ಯೋಚನೆಯನ್ನು ತನ್ನಿ. ಹಾಸಿಗೆಯ ಹೊದಿಕೆಯ ಅಂಚಿನಲ್ಲಿರುವ ಬಣ್ಣವೇ ಕಿಟಕಿಯ ಪರದೆಯಲ್ಲೂ ಪುಸ್ತಕದ ಕಪಾಟಿನಲ್ಲೂ ಮತ್ತೆ ಕಾಣಿಸಿಕೊಂಡರೆ ಸಾಕು. ಕಲ್ಯಾಣ ಮಂಟಪದ ನವಿಲು ನಿಮ್ಮ ಕೋಣೆಗೂ ಬಂದಂತೆಯೇ.

ನಾಲ್ಕನೆಯ ಉದಾಹರಣೆ ಅರಮನೆಯದಲ್ಲ. ಅದು ಮಲೆನಾಡಿನ ಒಂದು ಮಣ್ಣಿನ ಗೋಡೆ. ಸಾಗರ, ಸೊರಬ ಮತ್ತು ಉತ್ತರ ಕನ್ನಡದ ಕೆಲವು ಭಾಗಗಳಲ್ಲಿ ದೀವರ ಸಮುದಾಯದ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರವನ್ನು ನಿಮ್ಮಲ್ಲಿ ಕೆಲವರು ಮನೆಯಲ್ಲಿಯೇ ಕಂಡಿರುತ್ತೀರಿ. ಮದುವೆಯ ಮನೆಯಲ್ಲಿ ಗೋಡೆಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಚಿತ್ತಾರ ಬರೆಯುತ್ತಾರೆ. ಬಿಳಿಗೆ ನೆನೆಸಿ ಅರೆದ ಅಕ್ಕಿ, ಕಪ್ಪಿಗೆ ಹುರಿದು ಕರಿ ಮಾಡಿದ ಅಕ್ಕಿ, ಹಳದಿಗೆ ಗುರುಗೆ ಕಾಯಿ. ಕುಂಚವೆಂದರೆ ಪುಂಡಿಯ ನಾರು. ಅಳತೆಯ ಪಟ್ಟಿ ಇಲ್ಲ, ಕೈವಾರವಿಲ್ಲ. ಆದರೂ ನೇರವಾದ ಗೆರೆಗಳು ಒಂದರ ಪಕ್ಕ ಒಂದು ಎಳೆದಂತೆ ಬಂದು, ಚೌಕಗಳಾಗಿ, ಏಣಿಗಳಾಗಿ, ದಂಡಿಗೆಯಾಗಿ, ಮದುಮಕ್ಕಳಾಗಿ ಮೂಡುತ್ತವೆ. ಭೂಮಿ ಹುಣ್ಣಿಮೆಯ ದಿನ ಗದ್ದೆಗೆ ಚರಗ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೂ ಇದೇ ಬಗೆಯ ಚಿತ್ತಾರವಿರುತ್ತದೆ.

ಇಲ್ಲಿ ನಮ್ಮ ಮೂರನೆಯ ಪ್ರಶ್ನೆಯನ್ನು ಕೇಳಿ: ಏತರಿಂದ ಮಾಡಿದ್ದಾರೆ? ಮನೆಯ ಅಕ್ಕಿ, ಗುಡ್ಡದ ಮಣ್ಣು, ಬೇಲಿಯ ನಾರು. ಅಂಗಡಿಯಿಂದ ತಂದುದು ಏನೂ ಇಲ್ಲ. ಹಾಗಾದರೆ ಚೆಲುವು ದುಡ್ಡಿದ್ದವರಿಗೆ ಮಾತ್ರ ಎಂಬ ಮಾತು ಎಲ್ಲಿ ನಿಂತಿತು? ಇನ್ನು ಇದು ಹೆಣ್ಣುಮಕ್ಕಳ ಕೆಲಸ ಎಂಬ ಮಾತು. ಹಸೆ ಬರೆದವರು ಹೆಂಗಸರು, ನಿಜ. ರಂಗೀನ್ ಮಹಲಿನಲ್ಲಿ ಚಿಪ್ಪು ಕೂರಿಸಿದವರು, ದರಿಯಾ ದೌಲತ್‌ನಲ್ಲಿ ಕುಂಚ ಹಿಡಿದವರು ಯಾರು? ಅವರ ಹೆಸರುಗಳು ನಮಗೆ ಉಳಿದುಬಂದಿಲ್ಲ. ಕಟ್ಟಿಸಿದವರ ಹೆಸರು ಮಾತ್ರ ಪುಸ್ತಕದಲ್ಲಿದೆ. ಬರೆದ ಕೈ ಹೆಣ್ಣಿನದೋ ಗಂಡಿನದೋ ಎಂಬುದಕ್ಕಿಂತ, ಆ ಕೈಗೆ ಸಲ್ಲಬೇಕಾದ ಗೌರವ ಸಂದಿತೇ ಎಂಬುದು ದೊಡ್ಡ ಪ್ರಶ್ನೆ. ಹಾಗಾಗಿ ನೀವು ಒಂದು ಕರಕುಶಲ ವಸ್ತುವನ್ನು ಕೊಳ್ಳುವಾಗ ಸಾಧ್ಯವಾದರೆ ಮಾಡಿದವರ ಹೆಸರು ಕೇಳಿ, ಬರೆದಿಟ್ಟುಕೊಳ್ಳಿ.

ಕೊಳ್ಳುವುದು ಎಂದಾಗ ಇನ್ನೊಂದು ವಿಷಯ. ಕರಕುಶಲ ವಸ್ತುವೆಂದರೆ ಗಾಜಿನ ಬೀರುವಿನೊಳಗೆ ಧೂಳು ತಿನ್ನುತ್ತ ಕೂರಬೇಕಾದುದು ಎಂದು ತಿಳಿಯಬೇಡಿ. ಚನ್ನಪಟ್ಟಣದ ಅರಗಿನ ಕೆಲಸವನ್ನು ನೋಡಿ. ತಿರುಗುತ್ತಿರುವ ಹಾಲೆ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ, ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಕೇದಗೆ ಜಾತಿಯ ಗಿಡದ ಗರಿಯಿಂದ ಉಜ್ಜಿದಾಗ ಹೊಳಪು ಬರುತ್ತದೆ. ಅಲ್ಲಿ ಗೊಂಬೆಗಳಷ್ಟೇ ಅಲ್ಲ, ಬಾಗಿಲ ಹಿಡಿಗಳು, ಪೆನ್ನು ಇಡುವ ಡಬ್ಬಿಗಳು, ಪರದೆಯ ಕೋಲಿನ ಗುಂಡುಗಳೂ ತಯಾರಾಗುತ್ತವೆ. ದಿನವೂ ಕೈಗೆ ಸಿಗುವ ಒಂದು ವಸ್ತು ಕೈಯಿಂದ ಮಾಡಿದ್ದಾಗಿರಲಿ. ಕಲೆ ಉಳಿಯುವುದು ಹೊಗಳಿಕೆಯಿಂದಲ್ಲ, ಬಳಕೆಯಿಂದ. ಕಾಲಕ್ಕೆ ತಕ್ಕಂತೆ ಕಲೆಯೂ ಬದಲಾಗುತ್ತದೆ. ಮೈಸೂರಿನ ಬೀಟೆ ಮರದ ಕುಸುರಿ ಕೆಲಸದಲ್ಲಿ ಒಂದು ಕಾಲಕ್ಕೆ ಆನೆಯ ದಂತವನ್ನು ಕೂರಿಸುತ್ತಿದ್ದರು. ದಂತದ ವ್ಯಾಪಾರ ನಿಷೇಧವಾದ ಮೇಲೆ ಬೇರೆ ಬೇರೆ ಬಣ್ಣದ ಮರಗಳಿಂದಲೇ ಚಿತ್ರಗಳನ್ನು ಮೂಡಿಸುತ್ತಾರೆ. ಆನೆ ಉಳಿಯಿತು, ಕಲೆಯೂ ಉಳಿಯಿತು.

ಇನ್ನು ನಿಮ್ಮ ಕೋಣೆಗೆ ಹಿಂತಿರುಗೋಣ. ನಾಳೆಯಿಂದಲೇ ಮಾಡಬಹುದಾದ ಕೆಲವು ಕೆಲಸಗಳನ್ನು ಹೇಳುತ್ತೇನೆ. ಮೊದಲು, ಒಂದು ಭಾನುವಾರ ಕೋಣೆಯಲ್ಲಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಬೆಳಕು ಎಲ್ಲಿ ಬೀಳುತ್ತದೆ ಎಂದು ಗಮನಿಸಿ. ಓದುವ ಮೇಜನ್ನು ಕಿಟಕಿಯ ಪಕ್ಕಕ್ಕೆ ಸರಿಸಿ. ಬಲಗೈಯಲ್ಲಿ ಬರೆಯುವವರಿಗೆ ಬೆಳಕು ಎಡದಿಂದ ಬಂದರೆ ಕೈಯ ನೆರಳು ಬರಹದ ಮೇಲೆ ಬೀಳುವುದಿಲ್ಲ. ಎಡಗೈಯವರಿಗೆ ಇದು ತಿರುಗುಮುರುಗು. ಎರಡನೆಯದಾಗಿ, ಕೋಣೆ ಸಣ್ಣದಿದ್ದರೆ ಗೋಡೆಗೆ ಸುಣ್ಣದ ಬಿಳಿಯೋ ತಿಳಿಯಾದ ಬಣ್ಣವೋ ಇರಲಿ. ಅದು ಬಂದ ಬೆಳಕನ್ನು ಹಿಂದಕ್ಕೆ ಕೊಡುತ್ತದೆ. ಗಾಢವಾದ ಬಣ್ಣ ಬೇಕೆನಿಸಿದರೆ ಅದನ್ನು ಹೊದಿಕೆ, ಪರದೆ, ಮೆತ್ತೆಗಳಲ್ಲಿ ತನ್ನಿ; ಬೇಸರವಾದಾಗ ಬದಲಿಸಬಹುದು. ಮೂರನೆಯದಾಗಿ, ಬಳಸದ ವಸ್ತುಗಳನ್ನು ಹೊರಗೆ ಹಾಕಿ. ಹಾಸ್ಟೆಲಿನ ಕೋಣೆಯಲ್ಲಿ ಮೂವರೂ ಕೂಡಿ ಈ ಕೆಲಸ ಮಾಡಿದರೆ ಜಗಳಗಳೂ ಕಡಿಮೆಯಾಗುತ್ತವೆ. ನಾಲ್ಕನೆಯದಾಗಿ, ಕಣ್ಣು ನಿಲ್ಲಲು ಒಂದೇ ಒಂದು ಜಾಗ ಮಾಡಿಕೊಳ್ಳಿ. ಅಮ್ಮನ ಹಳೆಯ ಸೀರೆಯ ಕಸೂತಿ ಸೆರಗನ್ನು ಚೌಕಟ್ಟಿಗೆ ಹಾಕಬಹುದು. ನೀವೇ ಬರೆದ ಒಂದು ಚಿತ್ತಾರವಿರಬಹುದು.

ಕಸೂತಿಯ ಹೆಸರು ಬಂದಿತಲ್ಲ, ಅದನ್ನೂ ಒಮ್ಮೆ ಹತ್ತಿರದಿಂದ ನೋಡಿ. ಧಾರವಾಡ ಸೀಮೆಯ ಕಸೂತಿಯಲ್ಲಿ ಗಾವಂತಿ ಎಂಬ ಹೊಲಿಗೆಯಿದೆ. ಬಟ್ಟೆಯ ಎಳೆಗಳನ್ನು ಎಣಿಸಿಕೊಂಡು ಒಂದು ಬಿಟ್ಟು ಒಂದು ಹೊಲಿಗೆ ಹಾಕುತ್ತ ಹೋಗಿ, ಬಿಟ್ಟ ಜಾಗಗಳನ್ನು ತುಂಬುತ್ತ ಅದೇ ದಾರಿಯಲ್ಲಿ ಹಿಂತಿರುಗಬೇಕು. ಸರಿಯಾಗಿ ಮಾಡಿದರೆ ಬಟ್ಟೆಯ ಎರಡೂ ಬದಿಯಲ್ಲಿ ಒಂದೇ ಚಿತ್ರ. ಗಂಟು ಎಲ್ಲಿಯೂ ಕಾಣುವುದಿಲ್ಲ. ಲೆಕ್ಕ ಮತ್ತು ಚೆಲುವು ಬೇರೆ ಬೇರೆ ಎಂದುಕೊಂಡಿರುವ ಗಣಿತದ ವಿದ್ಯಾರ್ಥಿಗಳು ಇದನ್ನು ತಪ್ಪದೆ ಪರಿಶೀಲಿಸಬೇಕು.

ಈ ವಿಷಯದಲ್ಲಿ ಆಸಕ್ತಿ ಇನ್ನೂ ಬೆಳೆದರೆ ಅದನ್ನೇ ವೃತ್ತಿಯಾಗಿಸಿಕೊಳ್ಳಲೂ ದಾರಿಗಳಿವೆ. ಮೈಸೂರಿನಲ್ಲಿ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ ಇದೆ. ಅಹಮದಾಬಾದಿನಲ್ಲಿ 1961ರಲ್ಲಿ ಆರಂಭವಾದ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಇದೆ. ವಾಸ್ತುಶಿಲ್ಪ ಮತ್ತು ಒಳಾಂಗಣ ವಿನ್ಯಾಸವನ್ನು ಕಲಿಸುವ ಕಾಲೇಜುಗಳು ನಮ್ಮ ರಾಜ್ಯದಲ್ಲಿಯೇ ಹಲವು ಇವೆ. ಆದರೆ ಯಾವ ಕಾಲೇಜೂ ನಿಮಗೆ ಕಣ್ಣನ್ನು ಕೊಡಲಾರದು. ಅದನ್ನು ಈಗಿನಿಂದಲೇ ಸಾಣೆ ಹಿಡಿಯಬೇಕು.

ಕೊನೆಯದಾಗಿ ನಿಮಗೊಂದು ಕೆಲಸ ಕೊಡುತ್ತೇನೆ. ಅರಮನೆಗಳನ್ನು ಕಾಯಲು ಇಲಾಖೆಗಳಿವೆ, ಕಾವಲುಗಾರರಿದ್ದಾರೆ. ನಿಮ್ಮ ಊರಿನ ಹಳೆಯ ಮನೆಯನ್ನು ಕಾಯಲು ಯಾರೂ ಇಲ್ಲ. ಪಾಲಾದ ಮನೆಗಳು, ಬೀಗ ಬಿದ್ದ ಮನೆಗಳು ಒಂದೊಂದಾಗಿ ನೆಲಸಮವಾಗುತ್ತಿವೆ. ಅವುಗಳ ಕೆತ್ತನೆಯ ಕಂಬ, ಬಾಗಿಲವಾಡ, ತೊಲೆಗಳು ಲಾರಿ ಹತ್ತಿ ದೂರದೂರಿನ ಅಂಗಡಿಗಳಿಗೆ ಹೋಗುತ್ತಿವೆ. ಮನೆಯವರನ್ನು ದೂರುವುದು ಸುಲಭ. ಸೋರುವ ಮಾಡಿನ ಕೆಳಗೆ ಬದುಕುವ ಕಷ್ಟ ಅವರಿಗೇ ಗೊತ್ತು. ಆ ಮನೆಗಳನ್ನೆಲ್ಲ ಉಳಿಸುವ ಶಕ್ತಿ ನಿಮಗಿಲ್ಲದಿರಬಹುದು. ಆದರೆ ಅವು ಹೇಗಿದ್ದವು ಎಂಬುದನ್ನು ಉಳಿಸುವ ಶಕ್ತಿ ಖಂಡಿತ ಇದೆ. ಮನೆಯವರ ಅನುಮತಿ ಪಡೆದು ಒಳಗೆ ಹೋಗಿ. ಒಂದು ಅಳತೆ ಪಟ್ಟಿ, ಒಂದು ನೋಟುಪುಸ್ತಕ, ಪೆನ್ಸಿಲ್ ಸಾಕು. ತೊಟ್ಟಿಯ ಉದ್ದಗಲ ಎಷ್ಟು, ಜಗಲಿಯ ಎತ್ತರ ಎಷ್ಟು, ಕಂಬದ ಮೇಲಿನ ಹೂವಿಗೆ ಎಷ್ಟು ದಳ, ನೆಲ ಕಾವಿಯದೋ ಕಲ್ಲಿನದೋ ಎಂದು ಬರೆದುಕೊಳ್ಳಿ. ಫೋಟೋ ತೆಗೆಯಿರಿ. ಆದರೆ ಚಿತ್ರವನ್ನೂ ಕೈಯಿಂದ ಬರೆಯಿರಿ. ಬರೆಯುವಾಗ ಕಾಣುವಷ್ಟು ಕ್ಲಿಕ್ಕಿಸುವಾಗ ಕಾಣುವುದಿಲ್ಲ. ಆ ಮನೆಯ ಹಿರಿಯರನ್ನು ‘ಈ ಗೂಡಿನಲ್ಲಿ ಏನಿಡುತ್ತಿದ್ದಿರಿ, ಈ ಕಿಟಕಿ ಇಷ್ಟು ಕೆಳಗೆ ಏಕಿದೆ’ ಎಂದು ಕೇಳಿ. ಅವರು ಹೇಳುವ ಉತ್ತರವೇ ಒಳಾಂಗಣ ವಿನ್ಯಾಸದ ಮೊದಲ ಪಾಠಪುಸ್ತಕ.

ನಿಮ್ಮ ತರಗತಿಯ ನಲವತ್ತು ಮಂದಿ ಒಬ್ಬೊಬ್ಬರು ಒಂದೊಂದು ಕೋಣೆಯನ್ನು ಹೀಗೆ ದಾಖಲಿಸಿದರೆ, ವರ್ಷದ ಕೊನೆಗೆ ನಿಮ್ಮ ಶಾಲೆಯ ಗ್ರಂಥಾಲಯದಲ್ಲಿ ನಲವತ್ತು ಕೋಣೆಗಳಿರುತ್ತವೆ. ಮುಂದೆ ನೀವು ನಿಮ್ಮ ಮನೆಯನ್ನು ಕಟ್ಟಿಸುವ ದಿನ ಬಂದಾಗ ಆ ಪುಸ್ತಕವನ್ನು ತೆರೆದು ನೋಡಬಹುದು. ಈ ರಜೆಯಲ್ಲಿಯೇ ಮೊದಲ ಕೋಣೆಯನ್ನು ಅಳೆದು ಬನ್ನಿ.